ಗಾದಿ ಕೊಳ್ಳುವ ಮುನ್ನ ಟೇಪು ಹಿಡೀರಿ, ತಕ್ಕಡಿಗೂ ಹಾಕಿ: ನೆಮ್ಮದಿಯ ನಿದ್ದೆಗೆ ಹಾಸಿಗೆ ಆರಿಸುವುದು ಹೇಗೆ?

ಮದುವೆ ಸೀಸನ್ ಶುರುವಾಯಿತೆಂದರೆ ತಾಲ್ಲೂಕು ಕೇಂದ್ರಗಳ ಫರ್ನಿಚರ್ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಸುತ್ತಿದ ಗಾದಿಗಳು ಸಾಲಾಗಿ ನಿಲ್ಲುತ್ತವೆ. ಮಗಳಿಗೆ ಮಂಚ, ಗಾದಿ, ತಲೆದಿಂಬು ಕೊಡಿಸಲು ಹಳ್ಳಿಯಿಂದ ಬಂದವರು ಕೈಯಿಂದ ಎರಡು ಸಲ ಒತ್ತಿ ನೋಡಿ, ರೇಟು ಕೇಳಿ, ಟಂಟಂಗೆ ಹೇರಿಕೊಂಡು ಹೊರಡುತ್ತಾರೆ. ವರ್ಷ ತುಂಬುವುದರೊಳಗೆ ಗಾದಿಯ ನಡುವೆ ಗುಂಡಿ ಬಿದ್ದಿರುತ್ತದೆ. ಬೆಳಿಗ್ಗೆ ಎದ್ದರೆ ಸೊಂಟ ಹಿಡಿದಿರುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ‘ಬಿಲ್ ಎಲ್ಲೈತ್ರಿ?’ ಅನ್ನೋ ಪ್ರಶ್ನೆ.

ದಿನದ ಏಳೆಂಟು ತಾಸು ಮೈ ಚಾಚುವ ವಸ್ತುವನ್ನು ಐದೇ ನಿಮಿಷದಲ್ಲಿ ಕೊಳ್ಳುವುದರಿಂದ ಆಗುವ ಎಡವಟ್ಟು ಇದು. ಒಳಗೆ ಏನು ತುಂಬಿದ್ದಾರೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆಲವು ಸರಳ ಪರೀಕ್ಷೆಗಳಿಂದ ಗ್ರಾಹಕರೂ ಮೋಸ ಹೋಗದಂತೆ ನೋಡಿಕೊಳ್ಳಬಹುದು, ಅಂಗಡಿಯವರೂ ಗಿರಾಕಿಯ ನಂಬಿಕೆ ಉಳಿಸಿಕೊಳ್ಳಬಹುದು.

ಮೊದಲು ಮಂಚದ ಅಳತೆ

ಅಂಗಡಿಗೆ ಹೋಗುವ ಮೊದಲು ಮಂಚದ ಒಳ ಅಳತೆಯನ್ನು ಟೇಪಿನಿಂದ ತೆಗೆದುಕೊಳ್ಳಬೇಕು. ಉದ್ದ, ಅಗಲ ಎರಡನ್ನೂ ಇಂಚಿನಲ್ಲಿ ಚೀಟಿಯ ಮೇಲೆ ಬರೆದುಕೊಂಡರೆ ಒಳ್ಳೇದು. ಕಂಪನಿ ಗಾದಿಗಳು ಸಾಮಾನ್ಯವಾಗಿ ಸಿಂಗಲ್ 72x36, ಕ್ವೀನ್ 78x60, ಕಿಂಗ್ 78x72 ಇಂಚಿನ ಅಳತೆಯಲ್ಲಿ ಬರುತ್ತವೆ. ಊರಿನ ಬಡಗಿ ಮಾಡಿಕೊಟ್ಟ ಮಂಚ ಈ ಅಳತೆಗೆ ಸರಿಹೊಂದಬೇಕೆಂದೇನಿಲ್ಲ. ಒಂದಿಂಚು ದೊಡ್ಡದಾದರೂ ಗಾದಿ ಅಂಚಿನಲ್ಲಿ ಮಡಚಿಕೊಳ್ಳುತ್ತದೆ, ಚಿಕ್ಕದಾದರೆ ಸಂದಿ ಬೀಳುತ್ತದೆ. ಹೇಳಿ ಮಾಡಿಸಿದ ಅಳತೆಯ ಗಾದಿಯನ್ನು ಅಂಗಡಿಯವರು ವಾಪಸ್ ತಗೊಳ್ಳೋದು ಕಷ್ಟ.

ಮಂಚದ ಹಲಗೆಯನ್ನೂ ನೋಡಬೇಕು. ಹಲಗೆ ಬಾಗಿದ್ದರೆ ಅಥವಾ ಪಟ್ಟಿಗಳ ನಡುವೆ ದೊಡ್ಡ ಸಂದಿ ಇದ್ದರೆ ಎಂಥ ದುಬಾರಿ ಗಾದಿಯೂ ಅಲ್ಲಿಯೇ ತಗ್ಗುತ್ತದೆ.

‘ಗಟ್ಟಿ ಇದ್ದಷ್ಟೂ ಒಳ್ಳೇದು’ ಎಂಬ ನಂಬಿಕೆ

ಸೊಂಟನೋವು ಇದ್ದವರಿಗೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಬೇಕು ಎಂಬ ಮಾತು ಎಲ್ಲ ಕಡೆಯೂ ಇದೆ. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನ ಬೇರೆಯದನ್ನೇ ಹೇಳಿತು. ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನಗಳ ನಂತರ ನೋಡಲಾಯಿತು. ಮಧ್ಯಮ ಗಟ್ಟಿಯ ಹಾಸಿಗೆ ಮೇಲೆ ಮಲಗಿದವರಿಗೇ ನೋವು ಹೆಚ್ಚು ಕಡಿಮೆಯಾಗಿತ್ತು.

ಕಾರಣ ಸರಳ. ತೀರಾ ಗಟ್ಟಿ ಇದ್ದರೆ ಭುಜ ಮತ್ತು ಸೊಂಟದ ಮೂಳೆಗಳ ಮೇಲೇ ಭಾರ ಬಿದ್ದು, ನಡುವಿಗೆ ಆಸರೆ ಸಿಗುವುದಿಲ್ಲ. ತೀರಾ ಮೆತ್ತಗಿದ್ದರೆ ಸೊಂಟ ಕೆಳಗಿಳಿದು ಬೆನ್ನು ತೊಟ್ಟಿಲಿನಂತೆ ಬಾಗುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಬಹುದು. ಚಪ್ಪಲಿ ಬಿಟ್ಟು ಗಾದಿ ಮೇಲೆ ಅಂಗಾತ ಮಲಗಿ, ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಬೇಕು. ಕೈ ಸಲೀಸಾಗಿ ಆಚೀಚೆ ಓಡಾಡಿದರೆ ಗಾದಿ ನಿಮ್ಮ ಮೈಗೆ ಗಟ್ಟಿಯಾಯಿತು. ಕೈ ಹೋಗುವುದೇ ಇಲ್ಲವೆಂದರೆ ಮೆತ್ತಗಾಯಿತು. ತುಸು ಒತ್ತಿ ತೂರಿಸುವಂತಿದ್ದರೆ ಸರಿ. ನಂತರ ಮಗ್ಗಲಾಗಿ ಹತ್ತು ನಿಮಿಷ ಮಲಗಿ ನೋಡಿ. ಇದಕ್ಕೆ ನಾಚಿಕೆ ಬೇಡ, ಕೊಡೋದು ನಿಮ್ಮದೇ ದುಡ್ಡು. ಅಂಗಡಿಯವರೂ ಒಂದು ಗಾದಿಯನ್ನು ಬಿಚ್ಚಿ ಹಾಸಿಟ್ಟರೆ ಆನ್‌ಲೈನ್‌ನಲ್ಲಿ ಸಿಗದ ಅನುಕೂಲವನ್ನು ಗಿರಾಕಿಗೆ ಕೊಟ್ಟಂತಾಗುತ್ತದೆ.

ಒಳಗೆ ಏನಿದೆ?

* ಹತ್ತಿ ಗಾದಿ: ನಮ್ಮ ಬಿಸಿಲಿಗೆ ಒಗ್ಗುವಂಥದ್ದು. ಬೆವರು ಹೀರುತ್ತದೆ, ಮೈ ಕಾಯುವುದಿಲ್ಲ. ದಿನ ಕಳೆದಂತೆ ಅರಳೆ ಒತ್ತಿಕೊಂಡು ಗಂಟಾಗುತ್ತದೆ, ಆಗ ಬಿಚ್ಚಿ ಹಿಂಜಿಸಿ ಮತ್ತೆ ಹೊಲಿಸಬೇಕು.
* ತೆಂಗಿನ ನಾರಿನ ಗಾದಿ: ನಾರಿಗೆ ರಬ್ಬರ್ ಹಾಲು ಸೇರಿಸಿ ಒತ್ತಿ ಮಾಡಿದ್ದು. ಗಟ್ಟಿ ಇರುತ್ತದೆ, ಗಾಳಿಯಾಡುತ್ತದೆ. ತೇವ ತಾಗಬಾರದು. ಕಾಲಕ್ರಮೇಣ ನಾರು ಮುರಿದು ಒಂದೇ ಕಡೆ ತಗ್ಗಬಹುದು.
* ಪಿಯು ಫೋಮ್: ಹಗುರ, ಅಗ್ಗ. ಬಾಳಿಕೆ ಪೂರ್ತಿ ಡೆನ್ಸಿಟಿ ಮೇಲೆ ನಿಂತಿದೆ.
* ರೀಬಾಂಡೆಡ್ ಫೋಮ್: ಫೋಮ್ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ್ದು. ಭಾರ, ಗಟ್ಟಿ. ಕತ್ತರಿಸಿದರೆ ಬಣ್ಣಬಣ್ಣದ ಚೂರು ಕಾಣುತ್ತವೆ.
* ಮೆಮೊರಿ ಫೋಮ್: ಮೈಯ ಬಿಸಿಗೆ ಮೆತ್ತಗಾಗಿ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಫ್ಯಾನಷ್ಟೇ ಇರುವ ಮನೆಯಲ್ಲಿ ಬೇಸಿಗೆಗೆ ಸೆಕೆ ಅನ್ನಿಸಬಹುದು.
* ಸ್ಪ್ರಿಂಗ್ ಗಾದಿ: ಗಾಳಿಯಾಡುತ್ತದೆ. ಪಾಕೆಟ್ ಸ್ಪ್ರಿಂಗ್ ಇದ್ದರೆ ಒಬ್ಬರು ಮಗ್ಗಲು ಬದಲಿಸಿದಾಗ ಪಕ್ಕದವರಿಗೆ ಅಷ್ಟಾಗಿ ಅಲುಗಾಟ ಗೊತ್ತಾಗುವುದಿಲ್ಲ.

ಡೆನ್ಸಿಟಿ ಅಂದರೇನು? ತೂಗಿ ನೋಡಿ

ಫೋಮ್ ಗಾದಿ ಕೇಳಿದರೆ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬುದೇ ಡೆನ್ಸಿಟಿ. ಇದು ಗಟ್ಟಿತನದ ಅಳತೆಯಲ್ಲ. ಕಡಿಮೆ ಡೆನ್ಸಿಟಿಯ ಫೋಮ್ ಕೂಡ ಹೊಸದರಲ್ಲಿ ಗಟ್ಟಿಯಾಗೇ ಇರಬಹುದು, ಆದರೆ ಬೇಗ ಕುಸಿಯುತ್ತದೆ.

ತೂಕ ಹಾಕಿದರೆ ಸುಳ್ಳು ನಿಜ ಗೊತ್ತಾಗುತ್ತದೆ. ಆರಡಿ ಉದ್ದ, ಮೂರಡಿ ಅಗಲ, ನಾಲ್ಕಿಂಚು ದಪ್ಪದ ಫೋಮ್ ಅಂದರೆ ಆರು ಘನ ಅಡಿ, ಹೆಚ್ಚುಕಡಿಮೆ 0.17 ಘನ ಮೀಟರ್. ಅದು ನಿಜವಾಗಿಯೂ 32 ಡೆನ್ಸಿಟಿ ಆಗಿದ್ದರೆ ಸುಮಾರು 5.4 ಕೆಜಿ, 40 ಆಗಿದ್ದರೆ ಸುಮಾರು 6.8 ಕೆಜಿ ತೂಗಬೇಕು. ಕವರ್ ತೂಕ ಬೇರೆ. 40 ಅಂತ ಹೇಳಿ ಕೊಟ್ಟ ಗಾದಿ ಕವರ್ ಸಮೇತ ನಾಲ್ಕು ಕೆಜಿ ತೂಗಿದರೆ ಏನೋ ಎಡವಟ್ಟಿದೆ ಎಂದೇ ಅರ್ಥ.

ಈ ಲೆಕ್ಕ ಸಾದಾ ಪಿಯು ಫೋಮ್‌ಗೆ ಮಾತ್ರ. ಸೀಮೆಸುಣ್ಣದಂಥ ಪುಡಿ ಬೆರೆಸಿ ಫೋಮ್‌ನ ತೂಕ ಹೆಚ್ಚಿಸುವುದೂ ಉಂಟು. ಹಾಗಾಗಿ ತೂಕದ ಜೊತೆಗೆ, ಒತ್ತಿ ಬಿಟ್ಟ ಕೂಡಲೇ ಫೋಮ್ ಮೊದಲಿನಂತೆ ಏಳುತ್ತದೋ ಇಲ್ಲವೋ ನೋಡಬೇಕು. ಜಿಪ್ ಇರುವ ಕವರ್ ಆದರೆ ತೆಗೆಸಿ ಒಳಗಿನದನ್ನು ಕಣ್ಣಾರೆ ನೋಡುವುದು ಇನ್ನೂ ಒಳ್ಳೇದು. ಐಎಸ್‌ಐ ಗುರುತು ಇದ್ದರೆ ಅದರ ಜೊತೆಗಿರುವ ‘ಸಿಎಂ/ಎಲ್’ ಲೈಸೆನ್ಸ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ಅಂತ ಪರಿಶೀಲಿಸಬಹುದು.

ಹತ್ತಿ ಗಾದಿ ಹೊಲಿಸುವವರು ಗಮನಿಸಿ

ಉತ್ತರ ಕರ್ನಾಟಕದ ಊರುಗಳಲ್ಲಿ ಪಿಂಜಾರ, ನದಾಫ್ ಮನೆತನಗಳು ತಲೆಮಾರುಗಳಿಂದ ಅರಳೆ ಹಿಂಜುವ ಕಸುಬು ಮಾಡಿಕೊಂಡು ಬಂದಿವೆ. ಬಿಲ್ಲಿನ ಜಾಗಕ್ಕೆ ಈಗ ಮಷಿನ್ ಬಂದಿದೆ. ಹಳೆ ಗಾದಿಯ ಅರಳೆ ಚೆನ್ನಾಗಿದ್ದರೆ ಹೊಸದು ಕೊಳ್ಳುವ ಬದಲು ಹಿಂಜಿಸಿ, ಕಡಿಮೆ ಬಿದ್ದಷ್ಟು ಹೊಸ ಅರಳೆ ಸೇರಿಸಿ ಹೊಲಿಸುವುದು ಅಗ್ಗ. ಊರಿನ ಕಸುಬುದಾರರಿಗೂ ಕೆಲಸ ಸಿಗುತ್ತದೆ.

ಆದರೆ ಅರಳೆ ತೂಕವನ್ನು ಕಣ್ಣೆದುರೇ ಹಾಕಿಸಬೇಕು. ಗಾರ್ಮೆಂಟ್ ಬಟ್ಟೆ ಚೂರುಗಳನ್ನು ಹಿಂಜಿ ಮಾಡಿದ ಬಣ್ಣದ ಅರಳೆಯನ್ನು ಒಳಗೆ ಸೇರಿಸಿ, ಮೇಲೆ ಮಾತ್ರ ಬಿಳಿ ಅರಳೆ ಹಾಸುವವರೂ ಇದ್ದಾರೆ. ತುಂಬುವಾಗ ಎದುರಿಗೆ ಕೂತರೆ ಈ ಅನುಮಾನವೇ ಇರುವುದಿಲ್ಲ. ತಲೆದಿಂಬಿಗೆ ಬೂರುಗದ ಹತ್ತಿಯೂ ಆಗುತ್ತದೆ. ಅದು ಹಗುರ, ನೀರು ಹೀರುವುದಿಲ್ಲ, ಆದರೆ ಬೆಂಕಿ ಬೇಗ ಹತ್ತುತ್ತದೆ.

ಓಣಿಗೆ ಟೆಂಪೊದಲ್ಲಿ ಬಂದು ‘ಒಂದಕ್ಕೊಂದು ಫ್ರೀ’ ಎಂದು ಮಾರುವ ಗಾದಿಗಳ ಬಗ್ಗೆ ಹುಷಾರಾಗಿರಬೇಕು. ಒಳಗಿರುವುದು ಏನೆಂದು ತೋರಿಸುವುದಿಲ್ಲ, ಬಿಲ್ ಇರುವುದಿಲ್ಲ, ನಾಳೆ ಹುಡುಕಿದರೆ ಗಾಡಿಯೂ ಇರುವುದಿಲ್ಲ.

ತಲೆದಿಂಬು, ಚಾದರ, ಹೊದಿಕೆ

ದಿಂಬಿನ ಕೆಲಸ ಕುತ್ತಿಗೆಯನ್ನು ಬೆನ್ನಿನ ನೇರಕ್ಕೆ ಇಡುವುದು. ಮಗ್ಗಲಾಗಿ ಮಲಗುವವರಿಗೆ ಭುಜದ ಎತ್ತರ ತುಂಬುವಷ್ಟು ದಪ್ಪ ದಿಂಬು ಬೇಕು, ಅಂಗಾತ ಮಲಗುವವರಿಗೆ ಮಧ್ಯಮ, ಬೋರಲು ಮಲಗುವವರಿಗೆ ತೆಳ್ಳನೆಯದು. ಫೈಬರ್ ದಿಂಬನ್ನು ಮಡಚಿ ಬಿಟ್ಟಾಗ ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಕಾಲ ಮುಗಿಯಿತು. ಒಂದು ವರ್ಷದೊಳಗಿನ ಕೂಸುಗಳಿಗೆ ದಿಂಬು, ಮೆತ್ತನೆಯ ಗಾದಿ, ದಪ್ಪ ಹೊದಿಕೆ ಬೇಡ ಎನ್ನುವುದು ಮಕ್ಕಳ ವೈದ್ಯರ ಸಲಹೆ. ಸಮತಟ್ಟಾದ ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಬೇಕು.

ಚಾದರ ಕೊಳ್ಳುವಾಗ ‘ಸಾವಿರ ಥ್ರೆಡ್ ಕೌಂಟ್’ ಎಂಬ ಲೇಬಲ್‌ಗೆ ಮರುಳಾಗಬೇಡಿ. ಹುರಿ ಮಾಡಿದ ಒಂದೇ ದಾರದ ಎಳೆಗಳನ್ನು ಬೇರೆಬೇರೆ ಎಣಿಸಿ ಸಂಖ್ಯೆ ಹೆಚ್ಚಿಸುತ್ತಾರೆ. ದಿನಬಳಕೆಗೆ 200ರಿಂದ 400 ಸಾಕು. ‘ಪ್ಯೂರ್ ಕಾಟನ್’ ಹೌದೋ ಅಲ್ಲವೋ ತಿಳಿಯಲು ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿದರೆ ಆಯಿತು. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಳತೆಯಲ್ಲೂ ಗಾದಿಯ ದಪ್ಪ ಲೆಕ್ಕಕ್ಕೆ ಬರುತ್ತದೆ. 60 ಇಂಚು ಅಗಲ, 6 ಇಂಚು ದಪ್ಪದ ಗಾದಿಗೆ ಎರಡೂ ಬದಿ ಸೇರಿ 72 ಇಂಚು, ಅಡಿಗೆ ಸಿಕ್ಕಿಸಲು ಇನ್ನು 12 ಇಂಚು, ಒಟ್ಟು 84 ಬೇಕು. ಹಾಗಾಗಿ 90 ಇಂಚು ಅಗಲದ ಚಾದರ ಸರಿಹೋಗುತ್ತದೆ.

ಹೊದಿಕೆಗೆ ದೂರ ಹೋಗಬೇಕಿಲ್ಲ. ಹಳೆ ಸೀರೆಗಳಿಂದ ಹೊಲಿದ ಕೌದಿ, ಚಳ್ಳಕೆರೆಯ ಉಣ್ಣೆ ಕಂಬಳಿ, ಸೊಲ್ಲಾಪುರದ ಚಾದರ, ನೆಲಕ್ಕೆ ಹಾಸಲು ನವಲಗುಂದದ ಜಮಖಾನ ಇವೆಲ್ಲ ನಮ್ಮ ಹವೆಗೆ ಹೇಳಿ ಮಾಡಿಸಿದಂಥವು.

ಬಾಳಿಕೆ ಬರಲು

* ವಾರಕ್ಕೊಮ್ಮೆ ಚಾದರ, ದಿಂಬಿನ ಕವರ್ ಒಗೆಯಬೇಕು. ಉಬ್ಬಸ, ಅಲರ್ಜಿ ಇದ್ದವರ ಮನೆಯಲ್ಲಿ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆದರೆ ಧೂಳಿನ ನುಸಿ ಸಾಯುತ್ತದೆ.
* ಹತ್ತಿ ಗಾದಿಯನ್ನು ಆಗಾಗ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಬೇಕು. ಫೋಮ್ ಗಾದಿಯನ್ನು ಕಡು ಬಿಸಿಲಿಗೆ ಇಡದೆ ನೆರಳಲ್ಲಿ ಗಾಳಿಗೆ ಬಿಡಬೇಕು.
* ಮೂರು ತಿಂಗಳಿಗೊಮ್ಮೆ ತಲೆ ಕಡೆ ಇದ್ದದ್ದನ್ನು ಕಾಲ ಕಡೆಗೆ ತಿರುಗಿಸಬೇಕು.
* ಸೆಕೆಂಡ್ ಹ್ಯಾಂಡ್ ಗಾದಿ ತರುವುದಾದರೆ ಹೊಲಿಗೆ ಸಂದಿಯಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ. ಅದು ತಿಗಣೆಯ ಗುರುತು.

ಬಿಲ್ ಇಲ್ಲದೆ ವಾರಂಟಿ ಇಲ್ಲ

ಬಿಲ್‌ನಲ್ಲಿ ಕಂಪನಿ ಹೆಸರು, ಮಾಡೆಲ್, ಅಳತೆ, ದಪ್ಪ, ಡೆನ್ಸಿಟಿ ಎಲ್ಲವನ್ನೂ ಬರೆಸಿಕೊಳ್ಳಬೇಕು. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ದಿನಾಂಕ ಹಾಕಿಸಿ, ಎರಡರ ಫೋಟೊವನ್ನೂ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಎಷ್ಟು ಇಂಚು ತಗ್ಗಿದರೆ ಬದಲಿಸಿ ಕೊಡುತ್ತಾರೆ ಎಂಬುದನ್ನು ಮೊದಲೇ ಓದಿಕೊಳ್ಳಿ. ಕಲೆ ಬಿದ್ದ ಗಾದಿಗೆ ವಾರಂಟಿ ಇಲ್ಲ ಎಂಬ ಷರತ್ತು ಹಲವು ಕಂಪನಿಗಳಲ್ಲಿ ಇರುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಮೇಲೊಂದು ಕವರ್ ಹಾಕುವುದು ಒಳ್ಳೇದು.

ದೋಷ ಕಂಡು ಅಂಗಡಿಯವರೂ ಕಂಪನಿಯವರೂ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಮೇಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು.

ಅಂಗಡಿಯವರಿಗೂ ಇದರಲ್ಲಿ ಲಾಭವಿದೆ. ಡೆನ್ಸಿಟಿ ಬರೆದು ಬಿಲ್ ಕೊಟ್ಟ ಅಂಗಡಿಗೆ ಅದೇ ಊರಿನ ಮುಂದಿನ ಮದುವೆ ಮನೆಯವರೂ ಬರುತ್ತಾರೆ. ಗಾದಿ ಕೊಳ್ಳಲು ಹೊರಟವರು ಮಾತ್ರ ಜೇಬಿನಲ್ಲಿ ದುಡ್ಡಿನ ಜೊತೆ ಅಳತೆ ಚೀಟಿಯನ್ನೂ ಮರೆಯದೆ ಇಟ್ಟುಕೊಳ್ಳಬೇಕು.