ಚೀಲದೊಳಗೆ ಮಲಗಿ ಬೆಟ್ಟವಿಳಿದದ್ದು

ಫೆರಿಚೆಯ ಆ ಪುಟ್ಟ ಆರೋಗ್ಯಕೇಂದ್ರದಲ್ಲಿ ಮಧ್ಯಾಹ್ನ ಮೂರು ಗಂಟೆಯ ಉಪನ್ಯಾಸಕ್ಕೆಂದು ಕುಳಿತಿದ್ದ ನಾನಾ ದೇಶದ ಪಾದಚಾರಿಗಳ ನಡುವಿನಿಂದ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯನೂ ಕುತೂಹಲದಲ್ಲಿ ಎಲ್ಲರಿಗಿಂತ ಎಳೆಯನೂ ಆಗಿದ್ದ ನಾನು ಎದ್ದುಹೋಗಿ, ವೈದ್ಯೆಯು ನೆಲದ ಮೇಲೆ ಹಾಸಿದ್ದ ಕೆಂಪು ನೈಲಾನಿನ ಉದ್ದನೆಯ ಚೀಲದೊಳಗೆ ಮಲಗಿದೆ. ಆಕೆ ಜಿಪ್ಪನ್ನು ಎಳೆದು ಮುಚ್ಚಿದಳು. ನಮ್ಮ ಸಾಮಾನು ಹೊತ್ತು ಬಂದಿದ್ದ ರಾಯ್ ಜನಾಂಗದ ಯುವಕನೊಬ್ಬ, ಸೈಕಲ್ಲಿಗೆ ಗಾಳಿ ಹೊಡೆಯುವವನ ನಿರ್ಲಿಪ್ತತೆಯಿಂದ, ಹೊರಗೆ ನಿಂತು ಪಂಪನ್ನು ಕಾಲಿನಿಂದ ತುಳಿಯತೊಡಗಿದ. ಚೀಲ ಉಬ್ಬಿ ಮದ್ದಳೆಯಂತೆ ಬಿಗಿಯಿತು. ಮುಖದೆದುರಿನ ಪಾರದರ್ಶಕ ಕಿಟಕಿಯಲ್ಲಿ ನನ್ನ ಉಸಿರೇ ಮಂಜಾಗಿ ಕಟ್ಟಿತು. ಆಗುಂಬೆ ಘಾಟಿಯನ್ನು ಬಸ್ಸಿನಲ್ಲಿ ಇಳಿಯುವಾಗ ಆಗುವಂತೆ ಕಿವಿ ಗಪ್ಪೆಂದು ಮುಚ್ಚಿಕೊಂಡಿತು. ಎರಡು ಸಲ ಉಗುಳು ನುಂಗಿದೆ. ನಾನು ಅಂಗುಲದಷ್ಟೂ ಅಲುಗಿರಲಿಲ್ಲ. ಆದರೆ ನನ್ನ ಶರೀರದ ಪಾಲಿಗೆ ಆ ಹತ್ತು ನಿಮಿಷಗಳಲ್ಲಿ 1,500 ಮೀಟರಿಗೂ ಹೆಚ್ಚು ಬೆಟ್ಟವಿಳಿದು ಬಂದಿದ್ದೆ.

ಎವರೆಸ್ಟಿನ ತಳಶಿಬಿರಕ್ಕೆ ಹೋಗುವ ದಾರಿಯಲ್ಲಿ, ಸಮುದ್ರಮಟ್ಟದಿಂದ 4,243 ಮೀಟರ್ ಎತ್ತರದಲ್ಲಿರುವ ಈ ಗಾಳಿ ಬೀಸುವ ಹಳ್ಳಿಯಲ್ಲಿ ವಾಯುವಿನ ಒತ್ತಡ ನಮ್ಮ ಕರಾವಳಿಯಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ನಮ್ಮ ನಾಡಿನಲ್ಲಿ ಅತ್ಯುನ್ನತವೆನಿಸಿದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಲುಕ್ಲಾದಲ್ಲಿ ವಿಮಾನದಿಂದಿಳಿದು ಮೊದಲ ಹೆಜ್ಜೆಯಿಡುವ ಕನ್ನಡಿಗನು ಆಗಲೇ ಅದಕ್ಕಿಂತ ಸುಮಾರು 900 ಮೀಟರ್ ಮೇಲೆ ನಿಂತಿರುತ್ತಾನೆ ಎಂಬುದನ್ನು, ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದ ಹೆಮ್ಮೆಯವರು ಕೊಂಚ ಆಲೋಚಿಸಬೇಕು.

ಈ ದಾರಿಯ ಪೂರ್ವವೃತ್ತಾಂತ ದೀರ್ಘವಾದುದೇನಲ್ಲ. ಗೂರ್ಖಾ ಸೈನ್ಯದಿಂದ ನಿವೃತ್ತನಾದ ಜಿಮ್ಮಿ ರಾಬರ್ಟ್ಸ್ ಎಂಬಾತ 1964ರಲ್ಲಿ ಕಾಠ್ಮಂಡುವಿನಲ್ಲಿ ಸಂಸ್ಥೆಯೊಂದನ್ನು ಹೂಡಿ, ಮರುವರ್ಷ ಮೂವರು ಅಮೆರಿಕನ್ ಮಹಿಳೆಯರನ್ನು ಎವರೆಸ್ಟಿನ ದಿಕ್ಕಿಗೆ ಕರೆದೊಯ್ದ. ಅದೇ 1964ರಲ್ಲಿ, ಎವರೆಸ್ಟ್ ಏರಿದ ಹಿಲರಿಯ ಮುಂದಾಳತ್ವದಲ್ಲಿ ಲುಕ್ಲಾದ ವಿಮಾನದಾರಿ ಸಿದ್ಧವಾಯಿತು. ಎರಡು ವಾರಕ್ಕೂ ಮಿಕ್ಕಿ ನಡೆದು ಸೇರಬೇಕಾಗಿದ್ದ ಸ್ಥಳವನ್ನು ಅರ್ಧ ಗಂಟೆಯೊಳಗಾಗಿ ಮುಟ್ಟುವಂತಾದಮೇಲೆ, ಕಾಲು ಮುಂದೆ ಬಂದು, ಎತ್ತರಕ್ಕೆ ಇನ್ನೂ ಒಗ್ಗದ ರಕ್ತ ಹಿಂದುಳಿಯಿತು. 1973ರಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಹುಟ್ಟಿಕೊಂಡದ್ದು ಈ ಅಂತರವನ್ನು ತುಂಬುವುದಕ್ಕಾಗಿಯೇ.

ಮರುಮರಳಿ ಓದುವಂಥ ವೈದ್ಯಕೀಯ ಲೇಖನಗಳು ವಿರಳ. 1976ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಪೀಟರ್ ಹ್ಯಾಕೆಟ್ ಮತ್ತು ಅವರ ಸಂಗಡಿಗರ ಲೇಖನ ಅಂಥದ್ದು. ಇದೇ ಫೆರಿಚೆಯಲ್ಲಿ 278 ಮಂದಿ ನಡೆಗಾರರನ್ನು ಅವರು ಪರೀಕ್ಷಿಸಿದರು. 100ಕ್ಕೆ 53 ಮಂದಿಗೆ ಎತ್ತರದ ಬೇನೆ ತಗುಲಿತ್ತು. ಹೆಂಗಸೋ ಗಂಡಸೋ, ಹೊತ್ತ ಭಾರ ಎಷ್ಟು, ಹಿಂದೆ ಬೆಟ್ಟ ಹತ್ತಿದ ಅನುಭವ ಉಂಟೋ ಇಲ್ಲವೋ, ಇವಾವುದರ ಸಂಬಂಧವೂ ಬೇನೆಗೆ ಕಾಣಲಿಲ್ಲ. ವಿಮಾನದಲ್ಲಿ ಬಂದವರಿಗೆ, ಬೇಗ ಬೇಗ ಹತ್ತಿದವರಿಗೆ, ತಾರುಣ್ಯದಲ್ಲಿದ್ದವರಿಗೆ ಅದು ಹೆಚ್ಚಾಗಿತ್ತು. ಮುಪ್ಪಿನ ಪರವಾಗಿ ವಿಜ್ಞಾನವು ನುಡಿದ ಸಾಕ್ಷ್ಯ ನನಗೆ ತಿಳಿದಂತೆ ಇದೊಂದೇ ಆದ್ದರಿಂದ ಇದನ್ನು ನಾನು ಕೊಂಚ ಪಕ್ಷಪಾತದಿಂದಲೇ ಉದ್ಧರಿಸುತ್ತೇನೆ.

ಇನ್ನು ಆ ಚೀಲದ ವಿಷಯ. ಅದರ ಹೆಸರು 'ಗ್ಯಾಮೊ ಬ್ಯಾಗ್' ಎಂದು ವೈದ್ಯೆ ಹೇಳಿದಾಗ, ಆ ಹೆಸರನ್ನು ನಾನೆಲ್ಲಿಯೋ ಕೇಳಿರುವೆನಲ್ಲ ಎಂದು ಚೀಲದೊಳಗೆ ಮಲಗಿಯೇ ಜ್ಞಾಪಿಸಿಕೊಳ್ಳುತ್ತಿದ್ದೆ. ಕಾಲೇಜಿನ ದಿನಗಳಲ್ಲಿ ನಮ್ಮನ್ನು ಮರುಳುಮಾಡಿದ ಟಾಂಪ್ಕಿನ್ಸ್ ಮಹಾಶಯನ ಕಥೆಗಳನ್ನು ಬರೆದ, ವಿಶ್ವದ ಆದಿಸ್ಫೋಟದ ವಾದವನ್ನು ಬೆಳೆಸಿದ ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಅವರ ಮಗ, ಕೊಲರಾಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿದ್ದ ಇಗೋರ್ ಗ್ಯಾಮೊ ಇದನ್ನು ನಿರ್ಮಿಸಿದವನು. ತಂದೆಯ ಸಾಹಸವೂ ಸಾಮಾನ್ಯವಾದುದಲ್ಲ. 1932ರಲ್ಲಿ ಸೋವಿಯತ್ ನಾಡಿನಿಂದ ತಪ್ಪಿಸಿಕೊಳ್ಳಬೇಕೆಂದು ಜಾರ್ಜ್ ಮತ್ತು ಆತನ ಪತ್ನಿ, ಮಡಿಸಿಡಬಹುದಾದ ಪುಟ್ಟ ದೋಣಿಯೊಂದರಲ್ಲಿ ಮೊಟ್ಟೆ, ಚಾಕೊಲೇಟು, ಬ್ರಾಂದಿಯನ್ನು ತುಂಬಿಕೊಂಡು, ಕ್ರಿಮಿಯಾದ ದಡದಿಂದ ಕಪ್ಪುಸಮುದ್ರವನ್ನು ಹುಟ್ಟು ಹಾಕಿಯೇ ದಾಟಿ ತುರ್ಕಿಯನ್ನು ಮುಟ್ಟಲು ಹೊರಟರು. ಬಿರುಗಾಳಿ ಅವರನ್ನು ಹೊರಟ ದಡದ ಕಡೆಗೇ ತಳ್ಳಿತು. ಮರುವರ್ಷ ಭೌತವಿಜ್ಞಾನಿಗಳ ಸಾಲ್ವೆ ಸಮ್ಮೇಳನಕ್ಕೆಂದು ಸಭ್ಯರಂತೆ ಹೊರಟುಹೋದವರು ಮತ್ತೆ ಹಿಂದಿರುಗಲಿಲ್ಲ. ತಂದೆ ಮಡಿಸುವ ದೋಣಿಯಲ್ಲಿ ನಂಬಿಕೆಯಿಟ್ಟ. ಮಗ ಮಡಿಸುವ ಚೀಲದಲ್ಲಿ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ನಾನು ಸಾಧಿಸಲಾರೆ. ಆದರೂ ಫೆರಿಚೆಯಿಂದ ಬಂದು ತಿಂಗಳುಗಳಾದರೂ ಈ ಜೋಡಿ ನನ್ನ ತಲೆಯಿಂದ ಹೋಗಲೊಲ್ಲದು.

ಚೀಲವು ಔಷಧವಲ್ಲ, ಸಮಯವನ್ನು ಕಡ ಕೊಡುವ ಸಾಧನ ಎಂದು ವೈದ್ಯೆ ಬಿಡಿಸಿ ಹೇಳಿದಳು. ಒಳಗಿರುವವನು ಬಿಟ್ಟ ಉಸಿರು ಹೊರಹೋಗಬೇಕಾದ್ದರಿಂದ ಪಂಪು ಎಡೆಬಿಡದೆ ನಡೆಯುತ್ತಿರಬೇಕು. ಮಿದುಳಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿ ನಡೆಯಲಾರದಾದವನು ಕೆಲವು ಗಂಟೆ ಅದರೊಳಗಿದ್ದು ಚೇತರಿಸಿಕೊಂಡರೆ, ಆ ಚೇತರಿಕೆಯನ್ನು ಕೆಳಗಿಳಿಯಲು ವಿನಿಯೋಗಿಸಬೇಕೇ ಹೊರತು ಮೇಲೇರಲು ಅಲ್ಲ. 3,000 ಮೀಟರ್ ದಾಟಿದಮೇಲೆ ಮಲಗುವ ಎಡೆಯನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗಬೇಕು ಎಂಬ ಕಟ್ಟಳೆಯನ್ನು ಎಲ್ಲರೂ ಬರೆದುಕೊಂಡರು. ಆದರೆ ಹಿಂದಿರುಗುವ ವಿಮಾನದ ಚೀಟಿ ಬೆಂಗಳೂರಿನಲ್ಲೇ ದಿನಾಂಕಸಹಿತ ಅಚ್ಚಾಗಿರುವಾಗ ಕಟ್ಟಳೆಯ ಮಾತನ್ನು ಕೇಳುವವರಾರು? 'ಸಾಹಸ ಪ್ರವಾಸ' ಎಂದು ಹನ್ನೆರಡು ದಿನದ ಪೊಟ್ಟಣ ಕಟ್ಟಿ ಮಾರುವವರ ಪಟ್ಟಿಯಲ್ಲಿ ತಲೆನೋವಿಗೆಂದು ಒಂದು ದಿನವನ್ನೂ ಇಟ್ಟಿರುವುದಿಲ್ಲ.

ನೇಪಾಳವು ಪರದೇಶವೆಂಬ ಎಚ್ಚರವೂ ನಮ್ಮವರಿಗೆ ಮೂಡದು. ವೀಸಾ ಬೇಡ, ಚುನಾವಣೆಯ ಗುರುತುಚೀಟಿ ಸಾಕು. ಹೆಲಿಕಾಪ್ಟರ್ ಬೇಕಾದ ದಿನ ಮಾತ್ರ ಪರದೇಶ ತಾನೇ ಪರಿಚಯ ಮಾಡಿಕೊಳ್ಳುತ್ತದೆ. ಪ್ರವಾಸದ ವಿಮೆಯು ಎಷ್ಟು ಮೀಟರ್ ಎತ್ತರದವರೆಗೆ ಅನ್ವಯವೆಂಬುದನ್ನು ವಿಮಾಪತ್ರದ ಸಣ್ಣಕ್ಷರದಲ್ಲಿ ಹುಡುಕಿ ಓದಿಕೊಂಡೇ ಹೊರಡಬೇಕು. ಇದರ ಇನ್ನೊಂದು ಮುಖವೂ ಉಂಟು: ಇರದ ಬೇನೆಗೆ ಹೆಲಿಕಾಪ್ಟರ್ ಕರೆಸಿ ವಿಮೆಯ ಹಣ ಹಂಚಿಕೊಳ್ಳುತ್ತಿದ್ದ ಜಾಲವನ್ನು ಕುರಿತು 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಬೇಕಾಯಿತು.

ನಮ್ಮ ತಂಡದಲ್ಲಿ ಬೆಂಗಳೂರಿನ ಎಂಜಿನಿಯರನೊಬ್ಬನಿದ್ದ; ಮ್ಯಾರಥಾನ್ ಓಡುವ ಹುಡುಗ, ನನ್ನ ಚೀಲವನ್ನೂ ಹೊರುವೆನೆಂದು ಹಟ ಹಿಡಿದಿದ್ದವನು. ಉಪನ್ಯಾಸದ ಹೊತ್ತಿನಲ್ಲೆಲ್ಲ ಅವನು ಹಣೆಯನ್ನು ಅಂಗೈಯಿಂದ ಒತ್ತಿಕೊಂಡಿದ್ದುದನ್ನು ನಾನು ಕಂಡಿದ್ದೆ.

"ತಲೆ ನೋಯುತ್ತಿದೆಯೇನಪ್ಪ?"

"ಏನಿಲ್ಲ ಸರ್, ಚಳಿಗೆ ಸ್ವಲ್ಪ ಹಿಡಿದ ಹಾಗಿದೆ. ಬಿಸಿ ಸಾರು ಕುಡಿದರೆ ಹೋಗುತ್ತೆ."

ಸಾರು ಬಂತು, ಅವನು ಅದನ್ನು ಮುಟ್ಟಲಿಲ್ಲ. ಬೆಳ್ಳುಳ್ಳಿಯ ಆ ಸಾರಿನ ಮೇಲೆ ಕೆನೆ ಕಟ್ಟುವುದನ್ನು ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ ತಾನಾಗಿಯೇ ಎದ್ದು ಬೂಟು ಕಳಚಿ, ವಸತಿಗೃಹದ ಮರದ ನೆಲದಲ್ಲಿ ಎರಡು ಹಲಗೆಗಳು ಕೂಡುವ ಗೆರೆಯ ಮೇಲೆ, ಬೇನೆಯ ಪರೀಕ್ಷೆಗೆಂದು ವೈದ್ಯೆ ಮಾಡಿತೋರಿಸಿದ್ದ ಪ್ರಕಾರ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸುತ್ತ ನಡೆಯಲು ನೋಡಿದ. ಐದನೆಯ ಹೆಜ್ಜೆಗೆ ತೂಗಾಡಿ ಬೆಂಚನ್ನು ಹಿಡಿದುಕೊಂಡ. ಒಲೆಗೆ ಯಾಕಿನ ಸಗಣಿಯ ಬೆರಣಿ ಹಾಕುತ್ತಿದ್ದ ನಮ್ಮ ಶೆರ್ಪಾ ಮಾರ್ಗದರ್ಶಿ ತಲೆಯೆತ್ತಿ, "ಲೇಕ್ ಲಾಗ್ಯೋ" (ಎತ್ತರದ ಬೇನೆ ತಗುಲಿತು) ಎಂದಷ್ಟೇ ನುಡಿದು, ತಲೆದೀಪವನ್ನು ಹುಡುಕಲು ಹೋದ.

ಆ ರಾತ್ರಿಯೇ ಅವನನ್ನು ತೋಳು ಹಿಡಿದು ಪಾಂಗ್ಬೋಚೆಗೆ ಇಳಿಸಿದರು. ಮರುದಿನ ನಾನು ಹೋಗಿ ಸೇರುವ ವೇಳೆಗೆ, ಬಿಸಿಲಿಗೆ ಬೆನ್ನೊಡ್ಡಿ ಕುಳಿತು ಎರಡನೆಯ ತಟ್ಟೆ ದಾಲ್-ಭಾತ್ ಉಣ್ಣುತ್ತಿದ್ದ.