ಉಪ್ಪುನೀರಿನೊಳಗೆ ಕಲ್ಲು ನಿಲ್ಲಿಸುವ ಬಗೆ

ಬಸವಕಲ್ಯಾಣದ ಕೋಟೆಯಲ್ಲಿ ಒಂದರ ಮೇಲೊಂದು ಕುಳಿತಿರುವ ಕಲ್ಲುಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅವು ಕದಲದಿರುವುದಕ್ಕೆ ಅವುಗಳ ತೂಕವೇ ದೊಡ್ಡ ಆಧಾರ. ಕಡಲಿನಿಂದ ಬಹುದೂರದಲ್ಲಿರುವ ಹುಮನಾಬಾದಿನ ನಮ್ಮ ಮಿತ್ರರೊಬ್ಬರು ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಹೊರಟು, ಮರಳಿನ ಮೇಲೆ ಇಂಥದೇ ಪುಟ್ಟ ಕೋಟೆಯೊಂದನ್ನು ಕಟ್ಟಿದರು. ಅದು ವಾರದೊಳಗೆ ಜಾರಿ ಬಿದ್ದಿತು. ಗಾಜು ಉಳಿದುದು ಪುಣ್ಯ. ಒಡೆದಿದ್ದರೆ ನೀರೂ ಮೀನುಗಳೂ ಒಮ್ಮೆಗೇ ನೆಲದ ಪಾಲಾಗುತ್ತಿದ್ದುವು.

ಹೀಗೇಕಾಯಿತು? ನೀರಿನಲ್ಲಿ ಮುಳುಗಿದ ವಸ್ತು ತಾನು ಸ್ಥಳಾಂತರಿಸಿದ ನೀರಿನ ತೂಕದಷ್ಟು ಹಗುರಾಗುವುದೆಂಬುದು ಆರ್ಕಿಮಿಡೀಸನ ನಿಯಮವಷ್ಟೆ. ಒಂದು ಲೀಟರು ಗಾತ್ರದ ಕರಿಕಲ್ಲು ಸುಮಾರು 2.9 ಕಿಲೋಗ್ರಾಂ ತೂಗುವುದು. ಅಷ್ಟೇ ಗಾತ್ರದ ಕಡಲನೀರಿನ ತೂಕ ಸುಮಾರು 1.025 ಕಿಲೋಗ್ರಾಂ. ಆದುದರಿಂದ ತೊಟ್ಟಿಯೊಳಗೆ ಆ ಕಲ್ಲಿಗೆ ಉಳಿಯುವುದು ಸುಮಾರು 1.9 ಕಿಲೋಗ್ರಾಂ ತೂಕ ಮಾತ್ರ. ತೂಕದೊಡನೆ ಘರ್ಷಣೆಯೂ ಕುಗ್ಗುವುದು. ಹೊರಗೆ ಕಲ್ಲನ್ನು ಜಾರಿಸಲು ಬೇಕಾದ ಬಲದ ಮೂರರಲ್ಲಿ ಎರಡು ಪಾಲು ಒಳಗೆ ಸಾಕು. ಇದರ ಮೇಲೆ ಕೆಲವು ಮೀನು, ಸೀಗಡಿಗಳು ಬಿಲಕ್ಕಾಗಿ ಕಲ್ಲಿನ ಬುಡದ ಮರಳನ್ನೇ ತೋಡುವುವು.

ಉಪಾಯವು ಸರಳವಾದುದು. ಮೊದಲು ಕಲ್ಲು, ಆಮೇಲೆ ಮರಳು. ತೊಟ್ಟಿಯ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಎಲ್ಲಕ್ಕಿಂತ ಅಗಲವಾದ ಕಲ್ಲನ್ನು ಅದರ ಮೇಲಿಡಬೇಕು. ಮೇಲಿನ ಪ್ರತಿಯೊಂದು ಕಲ್ಲೂ ಮೂರು ಕಡೆ ಊರಿರಬೇಕು. ಅದರ ಗುರುತ್ವಕೇಂದ್ರದಿಂದ ನೇರವಾಗಿ ಕೆಳಗೆಳೆದ ಗೆರೆ ಆ ಮೂರು ಬಿಂದುಗಳ ನಡುವೆಯೇ ಬೀಳಬೇಕು. ನೀರು ತುಂಬುವ ಮುನ್ನ ಬೆರಳಿನಿಂದ ತಳ್ಳಿ ನೋಡಿರಿ. ಒಣಗಿದ್ದಾಗಲೇ ಅಲುಗುವ ಕಲ್ಲನ್ನು ನೀರಿನಲ್ಲಿ ನಂಬಲಾಗದು.

ಮಿತ್ರರ ಎರಡನೆಯ ಕೋಟೆ ಇಂದಿಗೂ ನಿಂತಿದೆ.