ಎಂಜಿನಿಯರ್ ಸಂಘದ ಸದಸ್ಯತ್ವ ಪರವಾನಗಿ ಅಲ್ಲ

ಹಳ್ಳಿಖೇಡ (ಬಿ): ಹುಮನಾಬಾದ್, ಬಸವಕಲ್ಯಾಣ ಭಾಗದ ಸಣ್ಣ ಪಟ್ಟಣಗಳಲ್ಲೂ ಈಗ ಎರಡು-ಮೂರು ಅಂತಸ್ತಿನ ಆರ್‌ಸಿಸಿ ಕಟ್ಟಡಗಳು ತಲೆ ಎತ್ತುತ್ತಿವೆ. ಅವುಗಳ ಅಡಿಪಾಯ, ಕಂಬ, ತೊಲೆಗಳ ಲೆಕ್ಕ ಹಾಕಿಕೊಡುವ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಸಂಸ್ಥೆಗಳು ವೃತ್ತಿಸಂಘ ಸೇರಿದರೆ ಪ್ರಯೋಜನವೇನು? ಮನೆ ಕಟ್ಟಿಸುವವರು ಆ ಸದಸ್ಯತ್ವವನ್ನು ಎಷ್ಟರಮಟ್ಟಿಗೆ ನಂಬಬಹುದು?

ವಾಸ್ತುಶಿಲ್ಪಿಗಳಿಗೆ 1972ರ ಕೇಂದ್ರ ಕಾಯ್ದೆಯಿದ್ದು, ನೋಂದಣಿಯಿಲ್ಲದೆ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವಂತಿಲ್ಲ. ಎಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ಗುಜರಾತ್ 2006ರಲ್ಲಿ ಸಿವಿಲ್ ಎಂಜಿನಿಯರ್‌ಗಳಿಗಾಗಿ ಪ್ರತ್ಯೇಕ ಕಾಯ್ದೆ ರೂಪಿಸಿತು. ಆದ್ದರಿಂದ ಸಂಘ ಸೇರುವುದು ಸ್ವಇಚ್ಛೆಗೆ ಬಿಟ್ಟ ವಿಷಯ.

ಸಂಘಗಳಲ್ಲೂ ಎರಡು ಬಗೆ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಹಾಗೂ 1985ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಅಸೋಸಿಯೇಷನ್ ಆಫ್ ಕನ್ಸಲ್ಟಿಂಗ್ ಸಿವಿಲ್ ಎಂಜಿನಿಯರ್ಸ್ ಮುಖ್ಯವಾಗಿ ವ್ಯಕ್ತಿಯ ಪದವಿ, ಅನುಭವಗಳನ್ನು ಪರಿಶೀಲಿಸಿ ಸದಸ್ಯತ್ವ ನೀಡುತ್ತವೆ. ಸಂಸ್ಥೆಗಳನ್ನೇ ಸೇರಿಸಿಕೊಳ್ಳುವುದು ದೆಹಲಿಯ ಕನ್ಸಲ್ಟಿಂಗ್ ಎಂಜಿನಿಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. 1913ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ‘ಫಿಡಿಕ್’ನಲ್ಲಿ ಭಾರತವನ್ನು ಪ್ರತಿನಿಧಿಸುವುದೂ ಇದೇ. ವಿದೇಶಿ ನೆರವಿನ ಕಾಮಗಾರಿಗಳ ಕರಾರುಗಳು ಬಹುಪಾಲು ಫಿಡಿಕ್ ಮಾದರಿಯಲ್ಲಿರುವುದರಿಂದ ದೊಡ್ಡ ಸಂಸ್ಥೆಗಳಿಗೆ ಇದು ಉಪಯುಕ್ತ. ಒಬ್ಬಿಬ್ಬರು ನಡೆಸುವ ತಾಲ್ಲೂಕು ಮಟ್ಟದ ಕಚೇರಿಗೆ ವೈಯಕ್ತಿಕ ಸದಸ್ಯತ್ವವೇ ಸಾಕೆನಿಸುತ್ತದೆ. ಮಾನಕಗಳು ಬದಲಾದಾಗ ತಿಳಿದುಕೊಳ್ಳಲು, ಕಠಿಣ ವಿನ್ಯಾಸವನ್ನು ಅನುಭವಿಗಳಿಗೆ ತೋರಿಸಲು ಅದರಿಂದ ದಾರಿಯಾಗುತ್ತದೆ.

ಈ ಭಾಗಕ್ಕೆ ಅದು ಸಣ್ಣ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಭಾರವಾದ ಮಣ್ಣಿನ ಮಾಳಿಗೆಗಳೇ ಮಲಗಿದ್ದವರ ಮೇಲೆ ಕುಸಿದವು. ಹಾಗೆಂದು ಕಾಂಕ್ರೀಟ್ ಇದ್ದರಾಯಿತು ಎನ್ನುವಂತೆಯೂ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. ಬೀದರ್ ಜಿಲ್ಲೆಯ ಎರೆಭೂಮಿಯಂತೂ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಕ್ಕದ ಮನೆಯ ಅಡಿಪಾಯದ ಅಳತೆಯನ್ನೇ ನಕಲು ಮಾಡುವ ರೂಢಿ ಅಲ್ಲಿ ಅಪಾಯಕಾರಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸ್ಟ್ರಕ್ಚರಲ್ ಎಂಜಿನಿಯರ್ ಎನಿಸಿಕೊಳ್ಳಲು ಸಿವಿಲ್ ಪದವಿಯ ಜೊತೆಗೆ ವಿನ್ಯಾಸ ಹಾಗೂ ಕ್ಷೇತ್ರಕಾರ್ಯದಲ್ಲಿ ಕನಿಷ್ಠ 3 ವರ್ಷ ಅನುಭವ ಬೇಕು. ಈ ವಿಷಯದಲ್ಲೇ ಸ್ನಾತಕೋತ್ತರ ಪದವಿಯಿದ್ದರೆ 2 ವರ್ಷ ಸಾಕು. ಸಂಸ್ಥೆ ಯಾವ ಸಂಘದ ಸದಸ್ಯನಾಗಿದ್ದರೂ, ನಕ್ಷೆಗೆ ಸಹಿ ಹಾಕುವ ಎಂಜಿನಿಯರ್‌ಗೆ ಈ ಅರ್ಹತೆ ಇದೆಯೇ, ಮಣ್ಣು ಪರೀಕ್ಷೆಯ ವರದಿ ನೋಡಿಯೇ ಲೆಕ್ಕ ಹಾಕಲಾಗಿದೆಯೇ ಎಂಬುದನ್ನು ಮನೆಯೊಡೆಯರು ಬೇರೆಯಾಗಿಯೇ ಕೇಳಬೇಕಾಗುತ್ತದೆ.